ಮಗ್ಗಕ್ಕೊಂದು ಮಿಸ್ಡ್ ಕಾಲ್

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮೋಟಾರುಗಳಿಗೆ ವೈಂಡಿಂಗ್ ಮಾಡಿಯೇ ಬದುಕಿದವನು ನಾನು. ಯಂತ್ರವಿಲ್ಲದೆ ಏನಾದರೂ ತಿರುಗುತ್ತದೆಂದು ಯಾರು ಹೇಳಿದರೂ ನಂಬುವವನಲ್ಲ. ವಯಸ್ಸಾದ ಮೇಲೆ ನಾನು ಸೇರಿಕೊಂಡ ಕಂಪ್ಯೂಟರ್ ತರಬೇತಿ ಕೇಂದ್ರದ ಮೇಷ್ಟ್ರು ‘ಸರ್ವರ್‌ಲೆಸ್’ ಎಂಬ ಮಾತನ್ನು ವಿವರಿಸುತ್ತ, “ಇದ್ರಾಗೆ ಸರ್ವರ್ ಅನ್ನೋದೇ ಇಲ್ಲ, ಯಜಮಾನ್ರೇ” ಎಂದಾಗಲೂ ನಾನು ಒಪ್ಪಲಿಲ್ಲ.

“ಇಲ್ದಿದ್ರೆ ಕೆಲ್ಸ ಮಾಡೋದ್ಯಾರು, ದೆವ್ವಾನಾ?”

“ಎಲ್ಲೋ ಒಂದ್ ಕಡೆ ಐತೆ ಅಂತ್ಲೇ ಇಟ್ಕಳ್ರಿ. ಅದ್ರ ಉಸಾಬರಿ ನಿಮಗ್ಯಾಕೆ?”

ಇರುವುದನ್ನು ಇಲ್ಲವೆಂದು ಕಲಿಸುವುದು ನನಗೆ ಸರಿಕಾಣಲಿಲ್ಲ. ಮನೆಗೆ ಬಂದು ನಾನೇ ಓದಿದೆ. ದೂರದಲ್ಲೆಲ್ಲೋ ಯಾರದೋ ಯಂತ್ರಗಳಿರುತ್ತವೆ. ನಾವು ಬರೆದಿಟ್ಟ ಕೋಡು ಅಲ್ಲಿ ಮಲಗಿರುತ್ತದೆ. ಕೆಲಸ ಬಂದರೆ ಎದ್ದು, ಮುಗಿಸಿ, ಮತ್ತೆ ಮಲಗುತ್ತದೆ. ಎದ್ದಿದ್ದಷ್ಟು ಹೊತ್ತಿಗೆ ಮಾತ್ರ ಬಾಡಿಗೆ. ಹಿಟ್ಟಿನ ಗಿರಣಿಗೆ ಜೋಳ ಒಯ್ದು ಬೀಸಿಸಿಕೊಂಡು ಬಂದವರು ಗಿರಣಿಯೇ ಇಲ್ಲವೆನ್ನುತ್ತಾರೆಯೇ?

ಈ ವಿದ್ಯೆಯನ್ನು ನಾನು ಮೊದಲು ಬಳಸಿದ್ದು ಮೊಳಕಾಲ್ಮುರಿನ ನನ್ನ ತಂಗಿಗಾಗಿ. ಆಕೆ ರೇಷ್ಮೆ ಸೀರೆಯ ಮಗ್ಗಗಳಿಗೆ ಹಾಸು ಸಿದ್ಧಪಡಿಸಿಕೊಡುತ್ತಾಳೆ. ಮಗ್ಗದ ಉದ್ದಕ್ಕೆ ಬಿಗಿಯುವ ಬಣ್ಣದ ಎಳೆಗಳ ಕಟ್ಟಿಗೆ ಹಾಸು ಎನ್ನುತ್ತಾರೆ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ನೇಕಾರರು ಆಕೆಗೆ ಮಿಸ್ಡ್ ಕಾಲ್ ಕೊಡುವುದು ಅಲ್ಲಿಯ ರೂಢಿ. ಆಕೆ ತಿರುಗಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ‘ಕೇಳಿಸಿತು’ ಎಂದರ್ಥ. ಅದು ಬರುವ ತನಕ ಅವರು ಮತ್ತೆ ಮತ್ತೆ ಕರೆಯುವುದನ್ನು ಬಿಡುವುದಿಲ್ಲ. ಮೊಣಕೈವರೆಗೆ ಬಣ್ಣವಿರುವಾಗ ಫೋನು ಮುಟ್ಟುವುದು ಹೇಗೆಂಬುದು ತಂಗಿಯ ದೂರಾಗಿತ್ತು.

ನಾನು ಬೇರೊಂದು ನಂಬರ್ ಕೊಡಿಸಿದೆ. ಅದಕ್ಕೆ ಕರೆ ಬಂದೊಡನೆ ಫೋನ್ ಸೇವೆಯವರು ಕ್ಲೌಡಿನಲ್ಲಿ, ಅಂದರೆ ಆ ದೂರದ ಯಂತ್ರಗಳಲ್ಲಿ, ಮಲಗಿದ್ದ ನನ್ನ ಕೋಡಿಗೆ ಸುದ್ದಿ ಮುಟ್ಟಿಸುವರು; ಕೋಡು ಎದ್ದು, ತಂಗಿಯ ಕೆಲಸದ ಮನೆಯ ಪರದೆಯ ಮೇಲೆ ಒಂದು ಸಾಲು ಸೇರಿಸುವುದು. ಅಲ್ಲಿಯ ಹೆಂಗಸರು ಸರದಿಯಂತೆ ಹಾಸು ಮಾಡುವರು. ಒಂದು ಸಲ ಕರೆದರೆ ಸಾಕೆಂದು ಬೀದಿ ಬೀದಿಗೆ ಹೋಗಿ ಹೇಳಿಬಂದೆ.

ಕೆಲವೇ ದಿನಗಳಲ್ಲಿ ಹಿಂದಿನ ಬೀದಿಯ ನೇಕಾರನೊಬ್ಬ ಬಾಗಿಲಿಗೆ ಬಂದು ನಿಂತ. ಊರವರ ಹೆಣ್ಣುಮಕ್ಕಳಿಗೆಲ್ಲ ಸೀರೆ ನೇಯ್ದವನು, ಈಗ ಸ್ವಂತ ಮಗಳ ಧಾರೆ ಸೀರೆ ನೇಯಬೇಕಿತ್ತು. ಮದುವೆ ಹತ್ತಿರವಾಗಿತ್ತು, ಹಾಸು ಬಂದಿರಲಿಲ್ಲ.

“ಅಕ್ಕಯ್ಯ, ಮಗ್ಗ ಖಾಲಿ ಹೊಡೀತೈತೆ. ನನ್ ಮಗಳು ಅಂಗಡಿ ಸೀರೆ ಉಟ್ಕಂಡು ಹಸೆಮಣೆ ಮ್ಯಾಲೆ ನಿಂತ್ರೆ ನಾನು ಮುಖ ಎಲ್ಲಿಟ್ಕಳ್ಲಿ?”

“ನಿನ್ ಮುಂದೆ ಇನ್ನೂ ಶ್ಯಾನೆ ಜನ ಅವ್ರಲ್ಲಪ್ಪ,” ಎಂದಳು ತಂಗಿ.

“ಯಾರವ್ರು? ಮೂಲೆಮನೆಯೋನು ಎರಡ್ ಹಾಸು ತಗಂಡು, ಇನ್ನೊಂದನ್ನ ಎಲ್ಲಿ ಇಡ್ಲಿ ಅಂತ ನಗ್ತಾನೆ. ನಾನು ಒಂದೇ ಸಲ ರಿಂಗ್ ಕೊಟ್ಟೆ, ನಿಮ್ಮಣ್ಣಾರು ಹೇಳಿದ್ರು ಅಂತ. ಹೇಳ್ದಂಗೆ ಕೇಳ್ದೋನಿಗೇ ಪಂಗನಾಮ!”

ನೋಡಿದರೆ ಹಾಗೆಯೇ ಆಗಿತ್ತು. ಉಳಿದವರು ರೂಢಿಯಂತೆ ಮತ್ತೆ ಮತ್ತೆ ಕರೆದಿದ್ದರು. ಪ್ರತಿ ಕರೆಯೂ ಹೊಸ ಸಾಲಾಗಿತ್ತು. ಅಣ್ಣತಮ್ಮಂದಿರ ಮಗ್ಗಗಳಿಗೆಲ್ಲ ಒಂದೇ ಫೋನಿರುವುದು ಅಲ್ಲಿ ಸಾಮಾನ್ಯವಾದ್ದರಿಂದ ಹೆಂಗಸರಿಗೆ ಅನುಮಾನ ಬಂದಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. “ಸಿಸ್ಟಮ್ ಸರಿಯಾಗೇ ಐತ್ರಿ. ಜನಕ್ಕೆ ಕಲಿಸ್ರಿ,” ಎಂದರು.

ತಪ್ಪೆಲ್ಲ ಜನರದೇ ಎಂಬ ವರದಿಯನ್ನು ನಾನು ಪರೀಕ್ಷಿಸದೆ ಒಪ್ಪುವುದಿಲ್ಲ. ಮರುದಿನ ಬೆಳಗ್ಗೆ, ಬೇರೆ ಯಾರೂ ಕರೆಯುವ ಮೊದಲು, ತಂಗಿಯ ಎದುರಿಗೇ ರಿಂಗ್ ಕೊಟ್ಟು ಕತ್ತರಿಸಿದೆ. ಪರದೆಯ ಮೇಲೆ ಎರಡು ಸಾಲು ಮೂಡಿದವು.

“ನೀನೂ ಎರಡ್ ಸಲ ಒತ್ತಿದ್ಯಾ, ಅಣ್ಣ?”

“ನೀನೇ ನೋಡಿದ್ಯಲ್ಲವ್ವ, ಒಂದೇ ಸಲ.”

ಕಾರಣ ಹುಡುಕಿದಾಗ ಸಿಕ್ಕಿತು. ಬಹಳ ಹೊತ್ತು ಮಲಗಿದ್ದ ಕೋಡು ಏಳುವುದಕ್ಕೆ ಸ್ವಲ್ಪ ತಡಮಾಡುತ್ತದೆ. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಫೋನ್ ಸೇವೆಯ ಯಂತ್ರ ಅದೇ ಸುದ್ದಿಯನ್ನು ಮತ್ತೊಮ್ಮೆ ಕಳಿಸುತ್ತದೆ. ಮೊಳಕಾಲ್ಮುರಿನ ನೇಕಾರರೂ ಮಾಡುವುದು ಅದನ್ನೇ. ಕಲಿಸಬೇಕಾದದ್ದು ಜನರಿಗಾದರೆ, ಆ ಯಂತ್ರಕ್ಕೆ ಕಲಿಸುವವರು ಯಾರು?

ನಮ್ಮ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಮೌರ್ಯರ ಕಾಲದ ಒಂದೇ ಶಾಸನವನ್ನು ಬಂಡೆಗೆ ಕೆತ್ತಿದ್ದಾರೆ. ಅರಸ ಮೂರು ಅಪ್ಪಣೆ ಕೊಟ್ಟನೆಂದು ಯಾರೂ ಹೇಳುವುದಿಲ್ಲ. ಮಾತು ಎರಡು ಸಲ ಬರುವುದನ್ನು ತಡೆಯಲು ನಾನು ಹೊರಟಿದ್ದೆ; ಎರಡು ಸಲ ಬಂದರೂ ಒಂದೇ ಎಂದು ಎಣಿಸುವುದಷ್ಟೇ ಬೇಕಾಗಿತ್ತು.

ಕೋಡನ್ನು ತಿದ್ದಿದೆ. ಸಾಲು ಬರೆದಾದ ಮೇಲೆ ಈಗ ಕೋಡು ತಾನೇ ನೇಕಾರರಿಗೆ ತಿರುಗಿ ಒಂದು ಮಿಸ್ಡ್ ಕಾಲ್ ಕೊಡುತ್ತದೆ. ಅದಕ್ಕೆ ಮುಂಚೆ ಎಷ್ಟು ಸಲ ಕರೆದರೂ ಒಂದೇ ಹಾಸು. ಆಮೇಲೆ ಕರೆದರೆ ಇನ್ನೊಂದು ಮಗ್ಗಕ್ಕೆ.

“ಮಿಸ್ಡ್ ಕಾಲ್ ಯಾಕ್ರೀ? ಮೆಸೇಜ್ ಹಾಕಿದ್ರೆ ಆಗ್ತಿತ್ತು,” ಎಂದರು ಮೇಷ್ಟ್ರು.

“ಮಗ್ಗದ ಗುಂಡಿಗೆ ಕಾಲ್ ಬಿಟ್ಕಂಡು ಕುಂತೋನು ಮೆಸೇಜ್ ಓದ್ತಾ ಕುಂತ್ಕಂತಾನೇನ್ರೀ?”

ತಂಗಿ ನೇಕಾರರನ್ನು ವಿಚಾರಿಸಿ, ಹಳೆಯ ಸಾಲುಗಳಲ್ಲಿ ಮರುಕಳಿಸಿದ್ದನ್ನೆಲ್ಲ ಅಳಿಸಿಹಾಕಿದಳು. ಹಿಂದಿನ ಬೀದಿಯವನ ಸಾಲು ಮೇಲಕ್ಕೆ ಬಂತು. ಹಾಸು ಒಯ್ದುಕೊಟ್ಟ ದಿನ ನಾನೂ ಜೊತೆಗೆ ಹೋಗಿದ್ದೆ. ಗಂಡಹೆಂಡಿರಿಬ್ಬರೂ ಮಗ್ಗದಲ್ಲಿ ಉಳಿಸಿಕೊಂಡಿದ್ದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದರು. ಮಾತಿಗೆ ಪುರಸೊತ್ತಿರಲಿಲ್ಲ; ನಾನು ಎದ್ದುಬಂದೆ.

ಮದುವೆಗೆ ಕರೆಯಲು ಆ ನೇಕಾರ ಚಳ್ಳಕೆರೆಗೆ ಬಸ್ಸಿನಲ್ಲಿ ಬಂದ.

“ಇಷ್ಟು ದೂರ ಯಾಕೆ ಬಂದ್ಯೋ? ಫೋನ್ ಮಾಡಿದ್ರೆ ಆಗ್ತಿತ್ತು.”

“ಮದ್ವೆಗೆ ಮಿಸ್ಡ್ ಕಾಲ್ ಕೊಡಾಕಾಗ್ತೈತೇನ್ರಿ? ಬರ್ಬೇಕ್ರಿ.”

ಲಗ್ನಪತ್ರಿಕೆ ಓದಲು ನಾನು ಕನ್ನಡಕ ಹುಡುಕುತ್ತಿದ್ದೆ.

“ಬರ್ಲೇಬೇಕ್ರಿ.”

ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತು.

“ಮನೆಮಂದಿಯೆಲ್ಲ ಬರ್ಬೇಕ್ರಿ, ಸೀರೆ ನೋಡಾಕಾದ್ರೂ.”

“ಬರ್ತೀನಪ್ಪ,” ಎಂದೆ.

“ಸರಿ ಬಿಡ್ರಿ,” ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡ.