ಬಲೆ ಎಳೆಯುವವರ ಸಾಲಿನಲ್ಲಿ ನನ್ನ ತಮ್ಮ

ಕಳೆದ ವರ್ಷ ನವರಾತ್ರಿಯ ರಜೆಯಲ್ಲಿ ನಡೆದದ್ದು. ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು, ಜೊತೆಯವಳ ಒತ್ತಾಯಕ್ಕೆ ಮಣ್ಣಗುಡ್ಡದಲ್ಲಿ ಒಂದು ಚಿತ್ರಪ್ರದರ್ಶನ ನೋಡಲು ಹೋಗಿದ್ದೆ. ಚಿತ್ರಕಲೆಯ ತಲೆಬುಡ ನನಗೆ ಗೊತ್ತಿಲ್ಲ. ಆದರೆ ಒಂದು ಚಿತ್ರದ ಮುಂದೆ ಕಾಲು ನಿಂತೇಬಿಟ್ಟಿತು.

ಕಡಲ ದಡದಲ್ಲಿ ಏಳೆಂಟು ಮಂದಿ ರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದರು. ಫೋಟೋದಷ್ಟೇ ನಿಜ. ಮೂರನೆಯವನು ನನ್ನ ತಮ್ಮ ಪುರಂದರ. ಮುಖ ಅರ್ಧವೇ ಕಾಣುತ್ತಿತ್ತು. ಆದರೆ ಹಿಂದೊಮ್ಮೆ ಹಗ್ಗಕ್ಕೆ ಸಿಕ್ಕಿ ತುಂಡಾಗಿದ್ದ ಅವನ ಬಲಗೈಯ ಕಿರುಬೆರಳನ್ನೂ ಇದ್ದ ಹಾಗೆಯೇ ಬಿಡಿಸಿದ್ದರು.

ಅದಕ್ಕೂ ನಾಲ್ಕು ವರ್ಷ ಮೊದಲು ದೋಣಿ ಮಗುಚಿ ಅವನು ಕಡಲ ಪಾಲಾಗಿದ್ದ. ಶವ ಸಿಗಲಿಲ್ಲ. ಕಣ್ಣಾರೆ ನೋಡದೆ ಉತ್ತರಕ್ರಿಯೆ ಮಾಡಲು ಅಮ್ಮ ಬಿಡಲಿಲ್ಲ. ಮನೆಯಲ್ಲಿ ನಾವಿಬ್ಬರೇ. ದಿನಾ ಊಟಕ್ಕೆ ಮೊದಲು ಅಮ್ಮ ಮೀನಿನ ನಡುತುಂಡನ್ನು ಅವನ ಬಟ್ಟಲಿಗೆ ಹಾಕಿ ಮುಚ್ಚಿಡುತ್ತಿದ್ದರು. ಇನ್ನೆಷ್ಟು ದಿನ ಈ ಹುಚ್ಚು ಎಂದು ನಾನೇ ಎಷ್ಟೋ ಸಲ ಗದರಿದ್ದೆ.

ಅಂಥ ನಾನು, ಚಿತ್ರದ ಮೂಲೆಯಲ್ಲಿ ಪ್ರದರ್ಶನ ನಡೆದ ವರ್ಷದ್ದೇ ಇಸವಿ ಕಂಡದ್ದೇ ಬುದ್ಧಿ ಕಳೆದುಕೊಂಡೆ. ಈ ವರ್ಷ ಯಾರೋ ಅವನನ್ನು ನೋಡಿದ್ದಾರೆ, ಎಲ್ಲೋ ಬಲೆ ಎಳೆಯುತ್ತಿದ್ದಾನೆ ಎಂದುಕೊಂಡೆ. ಚಿತ್ರಕಾರರು ಊಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ರಿಕ್ಷಾ ಹಿಡಿದು ಮನೆಗೆ ಹೋಗಿ ಅಮ್ಮನನ್ನು ಕರೆತಂದೆ.

ಅಮ್ಮ ಆ ಬೆರಳನ್ನೇ ನೋಡುತ್ತಾ ನಿಂತರು. "ನಾನು ಹೇಳಿದ್ದೆ ಅಲ್ವಾ, ಇದ್ದಾನೆ ಅಂತ" ಎಂದು ನಕ್ಕರು. ನಾಲ್ಕು ವರ್ಷದಿಂದ ಆ ನಗುವನ್ನು ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಚಿತ್ರಕಾರರು ಬಂದರು. ಇವನನ್ನು ಎಲ್ಲಿ ನೋಡಿದ್ದು ಎಂದು ಅಮ್ಮ ಕೇಳಿದರು.

"ತಣ್ಣೀರುಬಾವಿಯಲ್ಲಿ ಅಮ್ಮ. ಫೋಟೋ ತೆಗೆದು ಐದು ವರ್ಷ ಆಯ್ತು. ಅದನ್ನು ನೋಡಿ ಈ ವರ್ಷ ಬಿಡಿಸಿದ್ದು."

ಅಮ್ಮ ಅಳಲಿಲ್ಲ. ನನ್ನಿಂದ ವಿಷಯ ತಿಳಿದ ಚಿತ್ರಕಾರರು ಆ ಫೋಟೋ ಕೊಡುತ್ತೇನೆಂದರು. ಅಮ್ಮ ಬೇಡವೆಂದು ಕೈ ಅಲ್ಲಾಡಿಸಿದರು. ರಿಕ್ಷಾದಲ್ಲಿ ಸೆರಗಿನ ತುದಿ ಹಿಂಡುತ್ತಾ ಕುಳಿತಿದ್ದವರು ಮನೆ ಹತ್ತಿರ ಬಂದಾಗ ಬಾಯಿ ಬಿಟ್ಟರು.

"ಭಟ್ರಿಗೆ ಫೋನ್ ಮಾಡು. ಅವನದ್ದು ಎಂತ ಮಾಡ್ಲಿಕ್ಕುಂಟೋ ಮಾಡಿ ಮುಗಿಸುವ."

ಕ್ರಿಯೆ ಮುಗಿಯಿತು. ನಾಲ್ಕು ವರ್ಷ ಬೈದರೂ ಹೋಗದಿದ್ದ ಅಮ್ಮನ ಆಸೆಯನ್ನು ಒಂದೇ ಮಧ್ಯಾಹ್ನ ನಾನು ಕೊಂದೆ. ಅರ್ಧ ಗಂಟೆ ಕಾದು ಕೇಳಿದ್ದರೆ ಆಗುತ್ತಿತ್ತು. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಬಟ್ಟಲು ಈಗ ಅಟ್ಟದಲ್ಲಿದೆ. ನಡುತುಂಡನ್ನು ಅಮ್ಮ ನನ್ನ ತಟ್ಟೆಗೆ ಹಾಕುತ್ತಾರೆ. ಬೇಡವೆಂದರೆ, "ತಿನ್ನು, ಇನ್ನು ಯಾರಿಗೆ ಇಡುವುದು?" ಎನ್ನುತ್ತಾರೆ. ಅವರು ನೋಡುತ್ತಿರುತ್ತಾರೆಂದು ನುಂಗುತ್ತೇನೆ.