ಭಾಗ್ಯನಗರದ ಎಳೆ ಬನ್ನಿ

ದಸರೆಯ ಸಂಜೆ ಕುಷ್ಟಗಿಯ ದಾರಿ ಹಿಡಿಯುವ ಮೊದಲು ಭಾಗ್ಯನಗರದಲ್ಲಿ ಚಹಾಕ್ಕೆಂದು ನಿಂತೆ. ಅಂಗಡಿಯ ಮಾಬವ್ವ ಒಲೆಯ ಹತ್ತಿರ ಇರಲಿಲ್ಲ. ರಸ್ತೆಯ ಅಂಚಿನಲ್ಲಿ, ಎದೆಯೆತ್ತರದ ಬನ್ನಿ ಗಿಡಕ್ಕೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಬನ್ನಿ ಸೊಪ್ಪಿನ ಬುಟ್ಟಿ.

"ರಸ್ತಾ ದೊಡ್ಡದು ಮಾಡಿದಾಗ ಚೆಂದಕ್ಕಂತ ಹಚ್ಚಿದ ಪರದೇಶದ ಗಿಡ ಎಲ್ಲಾ ಒಣಗಿದ್ವುರಿ," ಎಂದಳು. "ಆ ಜಾಗಾದಾಗ ನಾನ ಬನ್ನಿ ಹಚ್ಚಿದೆ. ಬ್ಯಾಸಿಗಿಗೆ ಜಗ್ಗಲಿಲ್ಲ, ದಸರಾಕ್ಕ ಸತ್ತಿತು ನೋಡ್ರಿ! ಓಣಿ ಮಂದಿ ಎಲ್ಲಾ ಕೈಮುಗುದು, ಒಂದೊಂದ ಎಲಿ ಅಂತ ಹರದು ಬೋಳು ಮಾಡಿದ್ರು. ಇದು ಎರಡನೇದು."

ಅದಕ್ಕೇ ಈ ಸಲ ಹೊಲದ ಹಳೆಯ ಗಿಡದಿಂದ ಸೊಪ್ಪು ತರಿಸಿಟ್ಟಿದ್ದಾಳೆ. ಬಂದವರು ಗಿಡಕ್ಕೆ ನಮಸ್ಕಾರ ಮಾಡಬೇಕು, ಬಂಗಾರವೆಂದು ಹಂಚುವ ಎಲೆ ಮಾತ್ರ ಬುಟ್ಟಿಯಿಂದ ಒಯ್ಯಬೇಕು.

ಅಷ್ಟರಲ್ಲಿ ಎದುರಿನ ಕಿರಾಣಿ ಅಂಗಡಿಯ ಸಾಹುಕಾರರು ಹೊಸ ಅಂಗಿ ತೊಟ್ಟು ಬಂದರು. "ಬುಟ್ಟ್ಯಾಗಿಂದು ಬ್ಯಾಡ ಮಾಬವ್ವಾ. ಬನ್ನಿ ಅಂದ್ರ ಗಿಡದಿಂದನ ಹರೀಬೇಕು. ಸ್ವಲ್ಪ ಸರಿ."

ಮಾಬವ್ವ ಸರಿಯಲಿಲ್ಲ. "ಇದಿನ್ನೂ ಕೂಸು ಐತ್ರಿ ಸಾವ್ಕಾರ್ರ. ಹಬ್ಬದ ದಿನ ಕೂಸಿನ ಮೈಮ್ಯಾಲಿನ ಬಂಗಾರ ಯಾರರ ಬಿಚ್ಚಿಕೋತಾರೇನ್ರಿ?"

ಸಾಹುಕಾರರು ಚಾಚಿದ ಕೈಯನ್ನು ಹಾಗೇ ಬುಟ್ಟಿಗೆ ಇಳಿಸಿದರು. ಒಂದು ಎಸಳು ತೆಗೆದು ಗಿಡಕ್ಕೆ ಮುಟ್ಟಿಸಿ, ಮೊದಲು ಅವಳಿಗೇ ಕೊಟ್ಟರು. "ತಗೋ, ಬಂಗಾರದಂಗ ಇರೋಣ."

"ಇರೋಣ್ರಿ," ಎಂದು ಮಾಬವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತಿರುಗಿ ಬುಟ್ಟಿಗೆ ಹಾಕಿದಳು.

"ಇನ್ನೂ ಮಂದಿ ಬರೋದೈತಿ. ಸಾಲಬೇಕಲ್ರಿ."