ಸತ್ತ ಮಗಳಿಗೆ ಬಂದ ಸಂಬಂಧ

ಹೋದ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಮಧ್ಯಾಹ್ನ. ಮಗ, ಸೊಸೆ ಬಂದರಿಗೆ ಹೋಗಿದ್ದರು. ನಾನು ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತ ಕೂತಿದ್ದೆ. ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಒಬ್ಬ ಹುಡುಗ, ಹಿಂದೆ ಅವನ ತಂಗಿ. ಬ್ರಹ್ಮಾವರದ ಕಡೆಯಿಂದ ನಮ್ಮ ಬೈಂದೂರಿನ ತನಕ ಬಂದವರು. ವಿಮೆಯವರೋ ಮಿಕ್ಸಿ ಮಾರುವವರೋ ಎಂದುಕೊಂಡು ಗದರಿಸಿಯೇ ಕೇಳಿದೆ.

"ಹ್ವಾಯ್, ಎಂತ ಬೇಕಿತ್ತ್?"

"ನಿಮ್ ಮಗಳನ್ನ ಮದಿಗೆ ಕೇಂಬುಕೆ ಬಂದದ್ದ್," ಎಂದಳು ಹುಡುಗಿ.

ನನಗಿದ್ದ ಒಬ್ಬಳೇ ಮಗಳು ಹುಟ್ಟಿದ ತಿಂಗಳೊಳಗೇ, ಹೆಸರಿಡುವ ಮೊದಲೇ ತೀರಿಕೊಂಡವಳು. ಅದಾಗಿ ಮೂವತ್ತು ವರ್ಷ ದಾಟಿದೆ. ಕೈ ತೊಳೆದುಕೊಂಡು ಬಂದು ಅವರನ್ನು ಜಗಲಿಯಲ್ಲಿ ಕೂರಿಸಿದೆ.

ಸತ್ತ ಮಕ್ಕಳೂ ಆ ಲೋಕದಲ್ಲಿ ದೊಡ್ಡವರಾಗುತ್ತಾರೆ, ಪ್ರಾಯಕ್ಕೆ ಬಂದ ಮೇಲೆ ಮದುವೆ ಬಯಸುತ್ತಾರೆ, ಮಾಡದಿದ್ದರೆ ಬದುಕಿರುವವರ ಮದುವೆಗೆ ಅಡ್ಡ ಬರುತ್ತಾರೆ ಎಂದು ನಮ್ಮ ಕಡೆ ನಂಬುವವರಿದ್ದಾರೆ. ಇವರ ದೊಡ್ಡಣ್ಣ ಶಿಶುವಾಗಿದ್ದಾಗಲೇ ಹೋದವನು. ಈಗ ಹುಡುಗಿಯ ನಿಶ್ಚಯ ಎರಡು ಸಲ ಮುರಿದಿದೆ. ಜೋಯಿಸರು ಪ್ರಶ್ನೆ ನೋಡಿ, ಮೊದಲು ಅಣ್ಣನದ್ದಾಗಲಿ ಎಂದರಂತೆ. ಅವನ ಹಾಗೆಯೇ ಶಿಶುವಾಗಿದ್ದಾಗ ತೀರಿಕೊಂಡ ಹೆಣ್ಣನ್ನು ಹುಡುಕುತ್ತಿದ್ದಾಗ ಯಾರೋ ನಮ್ಮ ಮನೆ ಹೇಳಿದರಂತೆ. ಈ ಸಲದ ಗಂಡು ಅವಳೇ ಮೆಚ್ಚಿದವನು. ಆದರೆ ಅಣ್ಣನ ಮದುವೆಯಾಗದೆ ಇವಳದ್ದಕ್ಕೆ ತಾಯಿ ಒಪ್ಪುವುದಿಲ್ಲ.

"ಇದೆಲ್ಲ ನೀವ್ ನಂಬ್ತ್ರಿಯಾ ಅಮ್ಮ?" ಹುಡುಗ ಕೇಳಿದ.

"ಇಲ್ಲೆ ಮಾರಾಯ. ಸತ್ತದ್ದ್ ಸತ್ತದ್ದೇ. ನೀವ್?"

"ನಾವೂ ಇಲ್ಲೆ. ಅಮ್ಮನಿಗೋಸ್ಕರ ಅಷ್ಟೇ."

ಮೂವರೂ ನಕ್ಕೆವು. ಒಳ್ಳೆಯದೇ ಆಯಿತು, ನಂಬದವರೆಲ್ಲ ಸೇರಿ ಒಂದು ಮದುವೆ ಮಾಡಿ ಮುಗಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಾಯಿ, "ನಿಮ್ದ್ ಯಾವ ಬಳಿ?" ಎಂದು ಕೇಳಿಬಿಟ್ಟಿತ್ತು. ಬಳಿಯೆಂದರೆ ನಮ್ಮಲ್ಲಿ ಗೋತ್ರದ ಹಾಗೆ, ಒಂದೇ ಬಳಿಯೊಳಗೆ ಹೆಣ್ಣು ಕೊಡುವ ಹಾಗಿಲ್ಲವಲ್ಲ! ಬಳಿ ಬೇರೆಯೇ ಇತ್ತು. ಅವರ ದೊಡ್ಡಣ್ಣನ ಪ್ರಾಯ ಕೇಳಿದೆ, ಅದೂ ಹೊಂದಿತು.

ಹುಡುಗಿ ಸೀರೆಗೆಂದು ಮಗಳ ಎತ್ತರ ಕೇಳಿದಳು. "ನನ್ನಷ್ಟೇ ಇದ್ದಾಳ್," ಎಂದೆ. ಇದ್ದಾಳೆ! ಬಳೆಯ ಅಳತೆಗೆ ಅವಳು ನನ್ನ ಕೈ ಹಿಡಿದು ನೋಡಿದಾಗ, "ಅವ್ಳದ್ದ್ ಇನ್ನೂ ಸಪೂರ," ಎಂದು ತಿದ್ದಿದೆ. ಯಾರು ಕಂಡಿದ್ದರು ಆ ಕೈಯನ್ನು? ಹುಡುಗ ಈಗ ನಗುತ್ತಿರಲಿಲ್ಲ. ನನ್ನ ಭುಜದ ಮೇಲಿಂದ ಒಳಕೋಣೆಯ ಬಾಗಿಲನ್ನೇ ನೋಡುತ್ತಿದ್ದ. ನಾನು ತಿರುಗಲಿಲ್ಲ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಮದಿ ದಿನ ಎಡೆಗೆ ಬಡ್ಸುಕೆ," ಹುಡುಗಿ ಮೆಲ್ಲಗೆ ಕೇಳಿದಳು, "ಅವ್ರಿಗೆ ಎಂತ ಇಷ್ಟ?"

"ಹಾಲ್," ಎಂದೆ.

ಹೇಳಿದ ಮೇಲೇ ಹೊಳೆದದ್ದು, ಬೇರೇನೂ ಅವಳ ಬಾಯಿಗೆ ಹೋಗಿರಲೇ ಇಲ್ಲ ಎಂದು. ಆಗಲೇ ರವಿಕೆಯೊಳಗೆ ಎದೆ ಜುಮ್ಮೆಂದು ಬಿಗಿಯಿತು, ಬಾಣಂತಿಯಾಗಿದ್ದಾಗ ಅವಳು ಅತ್ತ ಕೂಡಲೇ ಹಾಲು ತುಂಬಿ ಬಿಗಿಯುತ್ತಿದ್ದ ಹಾಗೆ. ಅಯ್ಯೋ ದೇವರೇ, ಮುಟ್ಟು ನಿಂತು ಎಷ್ಟೋ ವರ್ಷವಾದ ಮೈ ಇದು! ಕಿವಿಗೊಟ್ಟು ಕೇಳಿದೆ. ಒಳಗೆ ಯಾವ ಸದ್ದೂ ಇರಲಿಲ್ಲ. ಎದೆ ಮಾತ್ರ ಬಿಗಿಯುತ್ತಲೇ ಹೋಯಿತು.

"ಕೊಡುದಿಲ್ಲ," ಎಂದೆ. ಅಳು ಬಂದುಬಿಟ್ಟಿತು. "ಮೊಲೆ ಬಿಡದ ಶಿಶುನ್ನ ಮದಿ ಮಾಡಿ ಕೊಡುಕೆ ಆತ್ತಾ ಮಗಾ?"

ಹುಡುಗಿಯ ಮದುವೆ ನಿಂತಿದ್ದದ್ದೇ ನನ್ನ ಒಪ್ಪಿಗೆಯ ಮೇಲೆ. ಜಗಳಕ್ಕೆ ಬರುತ್ತಾಳೆ, ಇಲ್ಲವೇ ಕಾಲು ಹಿಡಿಯುತ್ತಾಳೆ ಎಂದುಕೊಂಡೆ. ಹುಡುಗಿಯ ಕಣ್ಣು ತುಂಬಿತ್ತು. "ಬೇಡ ಅಮ್ಮ, ಬೇಡ," ಎಂದು ಎದ್ದಳು.

ಹುಡುಗ ಅಂಗಳಕ್ಕಿಳಿದು ಬೈಕಿಗೆ ಕೀ ಹಾಕಿದ. ತಂಗಿ ಅವನ ಕೈ ಹಿಡಿದು, ಒಳಕೋಣೆಯ ಕಡೆ ನೋಡಿ, ಬೇಡವೆಂದು ತಲೆಯಾಡಿಸಿದಳು. ಇಬ್ಬರೂ ಬೈಕನ್ನು ಸ್ಟಾರ್ಟ್ ಮಾಡದೆ, ರಸ್ತೆಯ ತಿರುವಿನ ತನಕ ಸದ್ದಾಗದ ಹಾಗೆ ದೂಡಿಕೊಂಡು ಹೋದರು.